ರತ್ನಾ ಇಟ್ಟ ಪ್ರಸ್ಥಾನ

ನನ್ನ ಹೆಂಡತಿ ರತ್ನಾಳಿಗೆ ದೇವರ ಮೇಲೆ ಎಷ್ಟು ಭಕ್ತಿಯೋ ಗೊತ್ತಿಲ್ಲ, ಪಂಚಾಂಗದ ಮೇಲೆ ಮಾತ್ರ ಗಂಡನಿಗಿಂತ ಹೆಚ್ಚು ನಂಬಿಕೆ. ಸೌತ್ ಕೆರೊಲಿನಾದ ಹಿಲ್ಟನ್ ಹೆಡ್ ದ್ವೀಪದ ಒಂದು ದೊಡ್ಡ ಹೋಟೆಲಿನಲ್ಲಿ ಅವಳು ರೂಮು ಗುಡಿಸಿ ಹಾಸಿಗೆ ಸರಿಮಾಡುತ್ತಾಳೆ. ಆ ಹಾಸಿಗೆಯ ಬಟ್ಟೆಗಳನ್ನು ಕೆಳಗೆ ಲಾಂಡ್ರಿಯಲ್ಲಿ ಒಗೆಯುವವನು ನಾನು. ರಾಹುಕಾಲದಲ್ಲಿ ಅವಳು ಹೊಸ ರೂಮಿನ ಬಾಗಿಲು ತೆಗೆಯುವುದಿಲ್ಲ. ಅದು ಮುಗಿಯುವವರೆಗೆ ಹಳೆಯ ರೂಮಿನ ಕನ್ನಡಿಯನ್ನೇ ಒರೆಸುತ್ತ ನಿಂತಿರುತ್ತಾಳೆ. ಸೂಪರ್‌ವೈಸರ್ ಹುಡುಗಿ ಅದನ್ನು ಶ್ರದ್ಧೆ ಎಂದು ತಿಳಿದು, ಎಲ್ಲರೆದುರು ಚಪ್ಪಾಳೆ ತಟ್ಟಿಸಿ ಇವಳಿಗೊಂದು ಸರ್ಟಿಫಿಕೇಟ್ ಕೊಟ್ಟಳು. ಅದನ್ನು ದೇವರ ಪಕ್ಕದಲ್ಲೇ ಇಟ್ಟುಕೊಂಡಿದ್ದಾಳೆ.

ಅಮೆರಿಕಕ್ಕೆ ನಾವು ಓದಿ ಬಂದವರಲ್ಲ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಮೈಸೂರಿನಲ್ಲಿ ಮೆಸ್ ನಡೆಸುತ್ತಿದ್ದೆ. ರತ್ನಾಳ ಅಣ್ಣ ಬದರಿನಾಥ ಡಾಕ್ಟರು, ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿ ಮನೆಮಠ ಮಾಡಿಕೊಂಡು ನೆಲೆಯಾದವರು. ತಂಗಿಯ ಸಂಸಾರಕ್ಕೆಂದು ಅವರು ಎಂದೋ ಹಾಕಿದ್ದ ಅರ್ಜಿ ನಾವೆಲ್ಲ ಮರೆತ ಮೇಲೆ ಮಂಜೂರಾಯಿತು. ಅಷ್ಟರಲ್ಲಿ ನಮ್ಮ ಒಬ್ಬಳೇ ಮಗಳು ಯಾಮಿನಿಗೆ ಇಪ್ಪತ್ತೊಂದು ದಾಟಿತ್ತು. ವಯಸ್ಸು ಮೀರಿತೆಂದು ಅವಳ ಹೆಸರನ್ನು ತೆಗೆದರು. ಕೊರೋನಾದಲ್ಲಿ ಮೆಸ್ ಮುಚ್ಚಿ ನಾನು ಸುಮ್ಮನೆ ಕೂತಿದ್ದೆ. "ನೀವಿಬ್ಬರೂ ಹೋಗಿ ಅಪ್ಪ, ನಾನು ಆಮೇಲೆ ಬರ್ತೀನಿ" ಎಂದಳು ಯಾಮಿನಿ. ಬಂದೆವು. ಅವಳಿಗೆ ಬರಲಾಗಲಿಲ್ಲ, ಕೇಳಿದಾಗಲೆಲ್ಲ ವೀಸಾ ಇಲ್ಲವೆಂದರು. ಗಾರ್ಮೆಂಟ್ ಕಂಪನಿಯಲ್ಲಿದ್ದ ಅವಿನಾಶನನ್ನು ಮದುವೆಯಾದಳು. ಕಂಪನಿ ಅವನನ್ನು ಇಥಿಯೋಪಿಯಾದ ಅಡಿಸ್ ಅಬಾಬಕ್ಕೆ ಹಾಕಿತು, ಅವಳೂ ಹೋದಳು.

ಈಗ ಅವಳಿಗೆ ಚೊಚ್ಚಲ ಹೆರಿಗೆ. ಬಿಪಿ ಏರಿದೆ, ಸೋಮವಾರ ಬೆಳಿಗ್ಗೆಯೇ ಆಪರೇಷನ್ ಮಾಡಿ ಮಗುವನ್ನು ತೆಗೆಯಬೇಕು ಎಂದುಬಿಟ್ಟರು ಅಲ್ಲಿನ ಡಾಕ್ಟರು. ಅವಿನಾಶನಿಗೆ ತಾಯಿ ಇಲ್ಲ. ಫೋನಿನಲ್ಲಿ ಯಾಮಿನಿ ಒಂದೇ ಮಾತು ಹೇಳಿದಳು: "ಅಮ್ಮ, ನನ್ನ ಒಳಗೆ ಕರ್ಕೊಂಡು ಹೋಗೋವಾಗ ನೀನು ಅಲ್ಲಿರಬೇಕು." ರತ್ನಾ "ಇರ್ತೀನಿ" ಎಂದಳು. ಅಟ್ಲಾಂಟಾದಿಂದ ಅಡಿಸ್‌ಗೆ ನೇರ ವಿಮಾನ ದಿನವೂ ಇಲ್ಲ. ಸೋಮವಾರಕ್ಕೆ ಮುಂಚೆ ತಲುಪಿಸುವುದು ಶನಿವಾರ ಸಂಜೆಯದೊಂದೇ.

"ಶನಿವಾರ ಪೂರ್ವಕ್ಕೆ ಶೂಲ ಕಣ್ರೀ, ಆ ದಿಕ್ಕಿಗೆ ಹೊರಡಬಾರ್ದು," ಎಂದಳು ರತ್ನಾ.

"ಶೂಲಾನೂ ಇಲ್ಲ ಸುಡುಗಾಡೂ ಇಲ್ಲ! ಪಂಚಾಂಗದೋನು ಬಂದು ನಿನ್ನ ಮಗಳ ಕೈ ಹಿಡ್ಕೋತಾನಾ?"

"ಬಾಯಿ ಬಿಟ್ರೆ ಸುಡುಗಾಡು. ನೀವು ಸುಮ್ನಿರಿ, ನಾನು ಪ್ರಸ್ಥಾನ ಇಡ್ತೀನಿ."

ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ನಮ್ಮ ಕಡೆ ಹೀಗೊಂದು ಉಪಾಯವಿದೆ. ಮುಂಚೆಯೇ ಒಳ್ಳೆಯ ಗಳಿಗೆ ನೋಡಿ, ಜೊತೆಗೆ ಒಯ್ಯುವ ಏನಾದರೊಂದನ್ನು ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊಸ್ತಿಲು ದಾಟಿತೆಂದರೆ ನಾವೂ ಹೊರಟ ಲೆಕ್ಕ. ಶುಕ್ರವಾರ ಬೆಳಿಗ್ಗೆ ರತ್ನಾ ಹಳದಿ ಬಟ್ಟೆಯ ಚೀಲವೊಂದನ್ನು ಪಕ್ಕದ ಮನೆಯ ಮಿಸ್ ಅರ್ನೆಸ್ಟೀನ್‌ಗೆ ಕೊಟ್ಟು ಬಂದಳು. ಆಯಮ್ಮನದು ದ್ವೀಪಕ್ಕೆ ಸೇತುವೆ ಬರುವ ಮೊದಲಿನಿಂದಲೂ ಅಲ್ಲಿದ್ದ ಕಪ್ಪು ಜನರ ಮನೆತನ. ವಯಸ್ಸಾಗಿದೆ, ಒಬ್ಬಳೇ ಇದ್ದಾಳೆ. ಇವರಿಬ್ಬರೂ ಬೇಲಿಯ ಬಳಿ ನಿಂತು ಬೆಂಡೆಕಾಯಿ ಬದಲಾಯಿಸಿಕೊಳ್ಳುವವರು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಚೀಲದಲ್ಲಿ ಅಕ್ಕಿ ಅಡಿಕೆ ಇರಬಹುದು ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಸೂಟ್‌ಕೇಸುಗಳನ್ನು ಕಾರಿಗೆ ತುಂಬಿ, ಡಿಕ್ಕಿ ಮುಚ್ಚಿ ಕೇಳಿದೆ: "ಪಾಸ್‌ಪೋರ್ಟ್ ಎಲ್ಲಿ?"

"ಪ್ರಸ್ಥಾನದಲ್ಲಿವೆ."

"ಏನಂದೆ?"

"ನಿಮ್ದೂ ನಂದೂ, ಗ್ರೀನ್ ಕಾರ್ಡೂ. ಯಾಕ್ ಹಾಗೆ ಕಣ್ಣು ಬಿಡ್ತೀರಾ? ನಮ್ಮಮ್ಮ ಅಕ್ಕಿ, ಅಡಿಕೆ, ಒಂದು ಪಂಚೆ ಇಡ್ತಿದ್ರು. ಈಗ ಏರ್‌ಪೋರ್ಟಲ್ಲಿ ಅಡಿಕೆ ತೋರಿಸಿದ್ರೆ ಬಿಡ್ತಾರಾ? ಪಾಸ್‌ಪೋರ್ಟ್ ಹೊರಟ್ರೆ ತಾನೇ ನಾವು ಹೊರಟ ಹಾಗೆ?"

ಕಾರಿನ ಕೀಲಿ ಜೇಬಿಗೆ ಹಾಕಿಕೊಂಡು ಪಕ್ಕದ ಮನೆಗೆ ದಾಪುಗಾಲು ಹಾಕಿದೆ, ಅವಳು ನನ್ನ ಹಿಂದೆ.

ಮಿಸ್ ಅರ್ನೆಸ್ಟೀನ್‌ಳ ಬಾಗಿಲು ಬಡಿದೆವು, ತೆಗೆಯಲಿಲ್ಲ. ಫೋನ್ ಮಾಡಿದರೆ ಅದು ಮನೆಯೊಳಗೇ ಟ್ರಿಣ್ ಟ್ರಿಣ್ ಎನ್ನುತ್ತಿತ್ತು. ಕಾರೂ ಇಲ್ಲ.

"ಎಷ್ಟು ಗಂಟೆಗೆ ಬರ್ತೀವಿ ಅಂತ ಹೇಳಿದ್ಯಾ?"

"ಶನಿವಾರ ಅಂದೆ. ಹೊರಡೋ ಗಂಟೆ ಯಾರಾದ್ರೂ ಬಾಯಿ ಬಿಟ್ಟು ಹೇಳ್ತಾರಾ?"

ಹೂವಿನ ಪಾತಿಯ ಅಂಚಿನಲ್ಲಿದ್ದ ಇಟ್ಟಿಗೆ ಕಿತ್ತುಕೊಂಡೆ. ಅಡುಗೆಮನೆಯ ಕಿಟಕಿ ಚಿಕ್ಕದು, ಒಂದು ಏಟಿಗೆ ಸಾಕು. ರತ್ನಾ ಬಂದು ಕಿಟಕಿಗೆ ಬೆನ್ನು ಕೊಟ್ಟು ನಿಂತಳು.

"ಹೊಡೀರಿ. ಪೊಲೀಸ್ನೋರು ಬಂದು ನಿಮ್ಮನ್ನ ಎತ್ಕೊಂಡು ಹೋಗ್ಲಿ. ಮೊಮ್ಮಗೂಗೆ ತಾತ ಎಲ್ಲಿ ಅಂದ್ರೆ ಜೈಲಲ್ಲಿ ಅಂತ ಹೇಳ್ತೀನಿ."

"ಹೇಳೋಕೆ ನೀನು ಅಲ್ಲಿಗೆ ಹೋಗೋದು ಹೇಗೆ? ಪುಷ್ಪಕ ವಿಮಾನದಲ್ಲಾ?"

ನನ್ನ ಕೂಗಿಗೆ ಆಚೆ ಮನೆಯಲ್ಲಿ ಹುಲ್ಲು ಕತ್ತರಿಸುತ್ತಿದ್ದವನು ಮಿಷಿನ್ ನಿಲ್ಲಿಸಿ ಬಂದ. ನನ್ನ ಕೈಯಲ್ಲಿದ್ದ ಇಟ್ಟಿಗೆಯನ್ನೂ ನನ್ನ ಮುಖವನ್ನೂ ನೋಡಿದ. ನಾನು ಇಟ್ಟಿಗೆಯನ್ನು ಪಾತಿಯಲ್ಲೇ ಇಟ್ಟೆ. ಆಯಮ್ಮನ ತಮ್ಮ ತೀರಿಹೋಗಿದ್ದಾನೆ, ಇವತ್ತು ಸೇಂಟ್ ಹೆಲೆನಾ ದ್ವೀಪದ ಚರ್ಚಿನಲ್ಲಿ ಮಣ್ಣು, ಬೆಳಗಾಗುತ್ತಲೇ ಹೋದಳು ಎಂದ. ಹಳದಿ ಚೀಲ ನೋಡಿದೆಯಾ ಎಂದು ರತ್ನಾ ಕೇಳಿದಳು. "ನೋಡಿದೆ. ಕಾರಿನ ಹಿಂದೆ ಇಡ್ತೀನಿ ಕೊಡಿ ಅಂದ್ರೆ ನನ್ನ ಕೈಗೇ ಕೊಡಲಿಲ್ಲ," ಎಂದ.

ಶನಿವಾರ ಹಿಲ್ಟನ್ ಹೆಡ್‌ನಿಂದ ಹೊರಡುವುದೆಂದರೇನು ಎಂಬುದು ನಮ್ಮಂಥ ಹೋಟೆಲಿನವರಿಗೇ ಗೊತ್ತು. ವಾರದ ಬಾಡಿಗೆಗೆ ಬಂದವರೆಲ್ಲ ಅವತ್ತೇ ರೂಮು ಬಿಡುತ್ತಾರೆ, ಹೊಸಬರು ಅವತ್ತೇ ಬರುತ್ತಾರೆ. ಎಲ್ಲರಿಗೂ ಇರುವುದು ಒಂದೇ ಸೇತುವೆ. ಹಿಂದೆ ಮುಂದೆ ಸೈಕಲ್ಲು ಕಟ್ಟಿದ ಕಾರುಗಳು, ಕೆಳಗೆ ನೀರು, ಮೇಲೆ ಬಿಸಿಲು. ನಡೆದುಕೊಂಡು ಹೋಗುವವನು ನಮಗಿಂತ ಬೇಗ ದಾಟುತ್ತಿದ್ದ. ನಾನು ಸ್ಟೀರಿಂಗ್ ಗುದ್ದಿದೆ, ಹಾರ್ನ್ ಆಗಿ ಮುಂದಿನವನು ಕಿಟಕಿಯಿಂದ ಕೈ ಹೊರಹಾಕಿ ಏನೋ ತೋರಿಸಿದ.

ಅಷ್ಟರಲ್ಲಿ ಬದರಿನಾಥ ಡಾಕ್ಟರ ಫೋನು. "ರಘು, ಎಲ್ಲಿದೀರಾ? ಮಧ್ಯಾಹ್ನ ಊಟಕ್ಕೆ ಇಲ್ಲಿಗೆ ಬರ್ತೀರಾ ತಾನೇ?"

"ಸೇತುವೆ ಮೇಲಿದೀವಿ ಭಾವ. ಪಾಸ್‌ಪೋರ್ಟು ಸಾವಿನ ಮನೆಗೆ ಹೋಗಿದೆ."

"ಏನು?"

"ನಿಮ್ ತಂಗೀನ ಕೇಳಿ."

ರತ್ನಾ ಫೋನ್ ಇಸಿದುಕೊಂಡು, "ಅಣ್ಣ, ಊಟ ಬೇಡ. ನಾವು ಸೀದಾ ಏರ್‌ಪೋರ್ಟಿಗೇ ಬರ್ತೀವಿ. ನೀವೂ ಬೈಬೇಡಿ, ಒಬ್ರು ಬೈತಿರೋದೇ ಸಾಕು," ಎಂದು ಇಟ್ಟುಬಿಟ್ಟಳು. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ತುಟಿ ಅಲ್ಲಾಡುತ್ತಿದ್ದುದು ಮಂತ್ರಕ್ಕೋ ಅಳುವಿಗೋ, ನಾನು ಕೇಳಲಿಲ್ಲ.

ಚರ್ಚು ದೊಡ್ಡ ಮರಗಳ ಕೆಳಗಿತ್ತು. ಒಳಗೆ ನಿಂತುಕೊಳ್ಳಲೂ ಜಾಗವಿಲ್ಲ. ಬಿಳಿ ಬಟ್ಟೆ, ಬಿಳಿ ಕೈಗವಸು ಹಾಕಿದ ಹೆಂಗಸೊಬ್ಬಳು ನಮ್ಮಿಬ್ಬರ ಕೈಗೂ ಒಂದೊಂದು ಕಾಗದದ ಬೀಸಣಿಗೆ ಕೊಟ್ಟು, ನನ್ನನ್ನು ಒಂದು ಬೆಂಚಿನ ನಡುವೆ ಇಬ್ಬರು ಧಡೂತಿ ಗಂಡಸರ ಮಧ್ಯೆ ಕೂರಿಸಿದಳು. ರತ್ನಾಳನ್ನು ಹಿಂದಿನ ಬೆಂಚಿಗೆ ಕಳಿಸಿದಳು. ಅಲ್ಲಿಂದ ನೋಡುತ್ತೇನೆ, ಮೊದಲ ಸಾಲಿನಲ್ಲಿ ಮಿಸ್ ಅರ್ನೆಸ್ಟೀನ್, ಕಪ್ಪು ಟೋಪಿ, ತೊಡೆಯ ಮೇಲೆ ಹಳದಿ ಚೀಲ. ಅದರ ಮೇಲೆ ಎರಡೂ ಕೈ. ಎದುರಿಗೆ ತೆರೆದ ಪೆಟ್ಟಿಗೆಯಲ್ಲಿ ಅವಳ ತಮ್ಮ.

ಒಬ್ಬ ಎದ್ದು ಸತ್ತವನ ಗುಣ ಹೇಳಿದ. ಅವನು ಕೂತ ಮೇಲೆ ಇನ್ನೊಬ್ಬ ಎದ್ದ. ಆಮೇಲೆ ಹಾಡು. ಮತ್ತೊಬ್ಬ. ಸತ್ತವನು ಒಳ್ಳೆಯವನೇ ಇರಬೇಕು, ಆದರೆ ಅಷ್ಟೊಂದು ಒಳ್ಳೆಯವನಾಗಿರಬಾರದಿತ್ತು. ಅಡಿಸ್‌ನಲ್ಲಿ ಆಗಲೇ ಸಂಜೆ. ನನ್ನ ಮಗಳು ಆಸ್ಪತ್ರೆಗೆ ಬಟ್ಟೆ ಜೋಡಿಸಿಕೊಳ್ಳುತ್ತಿರುತ್ತಾಳೆ, ಅಮ್ಮ ವಿಮಾನ ಹತ್ತುತ್ತಾಳೆ ಎಂದುಕೊಂಡು. ನಾನು ಇಲ್ಲಿ ಬೀಸಣಿಗೆ ಹಿಡಿದು ಕೂತಿದ್ದೇನೆ. ಪಾಸ್‌ಪೋರ್ಟು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಕೂಗಿದರೆ ಸಾವಿನ ಮನೆ, ಕೂಗದಿದ್ದರೆ ನನ್ನ ಎದೆ ಒಡೆಯುತ್ತದೆ.

ತಡೆಯಲಾರದೆ ಎದ್ದೆ. ಪಕ್ಕದ ಧಡಿಯ ನನ್ನ ಭುಜ ಹಿಡಿದು ಕೂರಿಸಿ, ತೋಳಿನಿಂದ ಬಳಸಿಕೊಂಡ. ಸಿಟ್ಟಿಗೆ ನನ್ನ ಕಣ್ಣು ಕೆಂಪಾಗಿತ್ತು.

"ಅತ್ತುಬಿಡು ತಮ್ಮ," ಎಂದ ಇಂಗ್ಲಿಷಿನಲ್ಲಿ, ಮೆಲ್ಲಗೆ. "ನಿನಗೂ ಅವನು ಬೇಕಾದವನಾ?"

ನನ್ನ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಏನಂತ ಹೇಳಲಿ? ಹೌದು ಎಂದು ತಲೆಯಾಡಿಸಿದೆ. ಅವನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

ಕೊನೆಗೆ ಪಾದ್ರಿ ಏನೋ ಹೇಳಿದ. ಪೆಟ್ಟಿಗೆ ಮುಚ್ಚುವ ಮೊದಲು ಕೊನೆಯ ದರ್ಶನಕ್ಕೆ ಜನ ಎದ್ದು ಸಾಲು ಕಟ್ಟಿದರು. ಸಾಲು ಹೆಣದ ಮುಂದೆ ಹಾದು, ಮನೆಯವರ ಕೈ ಮುಟ್ಟಿ, ಆಚೆ ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ನೋಡಿದರೆ ಆ ಸಾಲಿನಲ್ಲಿ ರತ್ನಾ! ಸಾವಿನ ಮನೆಯ ಬೀದಿಯಲ್ಲೂ ನಡೆಯದವಳು, ಬಾಣಂತನಕ್ಕೆ ಹೊರಟ ದಿನ, ಒಂದೊಂದೇ ಹೆಜ್ಜೆ ಇಡುತ್ತ ಹೆಣದ ಮುಂದೆ ಬಂದು ನಿಂತಳು. ಅವಸರ ಮಾಡಲಿಲ್ಲ. ಅವನ ಮುಖ ನೋಡಿ ಕೈ ಮುಗಿದಳು. ಆಮೇಲೆ ಮಿಸ್ ಅರ್ನೆಸ್ಟೀನ್‌ಳ ಮುಂದೆ ಬಗ್ಗಿದಳು. ಮುದುಕಿ ಅವಳನ್ನು ತಬ್ಬಿಕೊಂಡು ಅತ್ತಿತು. ಇವಳೂ ಅತ್ತಳು. ಹಳದಿ ಚೀಲ ಕೈ ಬದಲಾಯಿಸಿತು.

ಧಡಿಯನ ತೋಳಿನಿಂದ ಬಿಡಿಸಿಕೊಂಡು ಹೊರಗೆ ಓಡಿದೆ. ರತ್ನಾ ಕಾರಿನ ಹತ್ತಿರ ನಿಂತಿದ್ದಳು.

"ಯಾಕೆ ಹೊತ್ಕೊಂಡು ಬಂದ್ಳಂತೆ?"

"ಖಾಲಿ ಮನೇಲಿ ಬೇರೆಯೋರು ನಂಬಿ ಕೊಟ್ಟಿದ್ದನ್ನ ಹೇಗೆ ಬಿಟ್ಟು ಬರಲಿ ಅಂದ್ರು. ಮಧ್ಯಾಹ್ನದ ಹೊತ್ತಿಗೆ ವಾಪಸ್ ಬಂದು ಕೊಡೋಣ ಅಂದ್ಕೊಂಡಿದ್ರಂತೆ."

"ಹತ್ತು, ಹತ್ತು ಕಾರು."

"ಹೀಗೇ ಹೇಗೆ ಹತ್ತಲಿ? ಹೆಣ ನೋಡಿದೀನಿ. ಸ್ನಾನ ಆಗ್ಬೇಕು."

ಅಲ್ಲೇ ಮರದ ಕೆಳಗೆ ನಾನು ಕೂಗಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ನಾಡಿದ್ದು ಮಗೂನ ಮೊದಲು ಎತ್ಕೊಳ್ಳೋ ಕೈ ಇದು," ಎಂದಳು, ಅಷ್ಟೇ. ಗ್ಯಾಸ್ ಸ್ಟೇಷನ್‌ನಲ್ಲಿ ನಾನೇ ಎರಡು ದೊಡ್ಡ ಕ್ಯಾನ್ ನೀರು ಕೊಂಡು, ಗಾಳಿ ಹೊಡೆಯುವ ಜಾಗದ ಪಕ್ಕ ಅವಳನ್ನು ನಿಲ್ಲಿಸಿ ಬಟ್ಟೆಯ ಸಮೇತ ತಲೆಯ ಮೇಲೆ ಸುರಿದೆ. "ನೀವೂ," ಎಂದಳು. ನನ್ನ ಮೇಲೂ ಸುರಿದಳು. ಪೆಟ್ರೋಲ್ ಹಾಕಿಸುತ್ತಿದ್ದವನೊಬ್ಬ ಫೋನ್ ತೆಗೆದು ಫೋಟೋ ಹಿಡಿದ. ಅವನಿಗೂ ಬೈದೆ, ಕನ್ನಡದಲ್ಲೇ.

ಒದ್ದೆ ಬಟ್ಟೆಯಲ್ಲಿ ಕೂತು ಅಟ್ಲಾಂಟಾ ದಾರಿ ಹಿಡಿದೆವು. ಚೀಲವನ್ನು ಅವಳು ಮಡಿಲಿನಿಂದ ಇಳಿಸಲಿಲ್ಲ.

ಬಹಳ ದೂರ ಹೋದ ಮೇಲೆ, "ಹೆಣ ಎದುರಾದ್ರೆ ಒಳ್ಳೇ ಶಕುನ ಅಂತಾರೆ," ಎಂದಳು.

"ಎದುರಾಗ್ಲಿಲ್ಲ ಕಣೇ! ನಾವೇ ಹುಡುಕ್ಕೊಂಡು ಹೋದ್ವಿ!"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ವಿಮಾನ ಇನ್ನೂ ಸಿಕ್ಕಿರಲಿಲ್ಲ.

ಏರ್‌ಪೋರ್ಟಿನ ಬಾಗಿಲಲ್ಲಿ ಡಾಕ್ಟರು ಕಾಯುತ್ತಿದ್ದರು. ಕಾರಿನ ಕೀಲಿ ಕಸಿದುಕೊಂಡು ಮೊಸರನ್ನದ ಡಬ್ಬಿ ಕೈಗೆ ತುರುಕಿ, "ಓಡಿ, ಓಡಿ," ಎಂದರು. ಕೌಂಟರಿನವಳು ಮುಚ್ಚಲೆಂದು ಎದ್ದಿದ್ದವಳು, ಒದ್ದೆ ಕೂದಲಿನ ರತ್ನಾಳನ್ನು ನೋಡಿ ಮತ್ತೆ ಕೂತಳು. ಪಾಸ್‌ಪೋರ್ಟ್ ತೆಗೆದಾಗ ಅರಿಸಿನ ಹಚ್ಚಿದ ಅಕ್ಕಿ ನಾಲ್ಕು ಕಾಳು ಅವಳ ಮೇಜಿನ ಮೇಲೆ ಉದುರಿತು.

ಮರುದಿನ ಅಡಿಸ್‌ನಲ್ಲಿ ಇಳಿದಾಗ ಅಲ್ಲಿ ಸಂಜೆ. ಅವಿನಾಶ ಬಂದಿರಲಿಲ್ಲ. ಫ್ಯಾಕ್ಟರಿಯ ಡ್ರೈವರು ನಮ್ಮ ಹೆಸರು ಬರೆದ ರಟ್ಟು ಹಿಡಿದು ನಿಂತಿದ್ದ. ಫೋನಿನಲ್ಲಿ ಅವಿನಾಶನ ದನಿ ಒಡೆದಿತ್ತು: "ಮಾವ, ನಾಳೆಯವರೆಗೆ ಕಾಯೋ ಹಾಗಿಲ್ಲ ಅಂತಿದಾರೆ. ಈಗಲೇ ಕರ್ಕೊಂಡು ಹೋಗ್ತಾರೆ. ಬೇಗ ಬನ್ನಿ." ಏರುದಾರಿಯಲ್ಲಿ ನೀಲಿ ಬಿಳಿ ವ್ಯಾನುಗಳ ಸಾಲು ನಿಂತೇ ಇತ್ತು. ಈ ಸಲ ನಾನು ಕೂಗಲಿಲ್ಲ, ಮುಂದಿದ್ದ ವ್ಯಾನುಗಳನ್ನು ಎಣಿಸತೊಡಗಿದೆ. ರತ್ನಾ ಖಾಲಿ ಹಳದಿ ಚೀಲವನ್ನು ಹಿಂಡುತ್ತ ಕೂತಿದ್ದಳು.

ಆಸ್ಪತ್ರೆಯಲ್ಲಿ ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದಳು. ನಾನು ಏದುಸಿರು ಬಿಡುತ್ತ ಹಿಂದೆ. ಮೇಲಿನ ಹಜಾರದ ತುದಿಯಲ್ಲಿ ಗಾಲಿಮಂಚ, ಅದರ ಮೇಲೆ ಹಸಿರು ಹೊದಿಕೆ, ಪಕ್ಕದಲ್ಲಿ ಅವಿನಾಶ. ನರ್ಸು ಆಗಲೇ ಬಾಗಿಲನ್ನು ಕಾಲಿನಿಂದ ಒತ್ತಿ ಹಿಡಿದಿದ್ದಳು.

"ಯಾಮೂ!"

ಮಂಚ ನಿಂತಿತು. ಯಾಮಿನಿಯ ಮುಖ ಊದಿಕೊಂಡಿತ್ತು, ನನಗೆ ತಕ್ಷಣ ಗುರುತೇ ಹತ್ತಲಿಲ್ಲ. ಅವಳು ಅಮ್ಮನ ಕೈ ಸಿಕ್ಕಿದ್ದೇ ತಡ, ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಯಾಕಮ್ಮ ಇಷ್ಟು ಲೇಟು? ನೀನು ಬರಲ್ಲ ಅಂದ್ಕೊಂಡೆ."

"ಲೇಟೆಲ್ಲಿ?" ಎಂದಳು ರತ್ನಾ, ಅವಳ ಹಣೆಯ ಕೂದಲು ಸರಿಸುತ್ತ. "ನಾನು ಶುಕ್ರವಾರಾನೇ ಹೊರಟಿದ್ದೆ ಕಣೇ."