ಪೆಟ್ಟಿಗೆಯೊಳಗಿನ ಜೇನು

ಶಿರಾದ ಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಕುತುಬುದ್ದೀನ್ ದೆವ್ವಗಳನ್ನು ನಂಬುತ್ತಿರಲಿಲ್ಲ. ನಂಬದಿರುವುದಕ್ಕೆ ಅವನಿಗೆ ಕಸುಬಿನ ಕಾರಣಗಳೇ ಸಾಕಷ್ಟಿದ್ದವು. ಬುಕ್ಕಾಪಟ್ಟಣದ ಕಡೆಯಿಂದ ಓಬಯ್ಯನೆಂಬಾತ ತಂದ ರೇಡಿಯೊ ಹೆಂಗಸಿನಂತೆ ಅಳುತ್ತಿತ್ತು. ಬಿಚ್ಚಿ ನೋಡಿದರೆ ಸ್ಪೀಕರಿನ ಕಾಗದವನ್ನು ಇಲಿ ಕಡಿದಿತ್ತು. ಹೊತ್ತು ಮುಳುಗಿದ ಮೇಲೆ ಯಾರೋ ಅರ್ಥವಾಗದ ಭಾಷೆಯಲ್ಲಿ ಪಿಸುಗುಟ್ಟುತ್ತಾರೆಂದು ಹೆದರಿ ತಂದುಕೊಟ್ಟ ಇನ್ನೊಂದರಲ್ಲಿ ಮಾತನಾಡುತ್ತಿದ್ದುದು ಸಮುದ್ರದಾಚೆಯ ಯಾವುದೋ ಬಾನುಲಿ ಕೇಂದ್ರ. ಕತ್ತಲಾದಂತೆ ಅಲೆಗಳು ದೂರ ಸಾಗುತ್ತವೆ, ಅಷ್ಟೇ.

“ದೆವ್ವ ಐತೆ ಅಂತ ತಂದವ್ರಿಗೆ ನಾನು ಬೆಸುಗೆ ಹಾಕಿ ಕಳಿಸ್ತೀನಿ. ತಾಯಿತದೋರಿಗಿಂತ ನನ್ನ ಕೂಲಿ ಕಮ್ಮಿ,” ಎಂದು ಅವನು ನಗುತ್ತಿದ್ದ.

ಆದರೆ ೧೯೮೦ರ ದಸರೆಯಿಂದೀಚೆಗೆ ಅವನ ಅಂಗಡಿಯಲ್ಲಿ ಯಾವ ರೇಡಿಯೊ ಗುಂಯ್‌ ಎಂದರೂ ಅವನ ಕೈ ಅಲ್ಲೇ ನಿಂತುಬಿಡುತ್ತಿತ್ತು. ಅದು ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುವ ವಿದ್ಯುತ್ತಿನ ಸದ್ದು ಎಂಬುದನ್ನು ಅವನು ಬಲ್ಲ. ಸತ್ತವರು ಗುಂಯ್‌ಗುಡುವುದಿಲ್ಲ ಎಂಬುದನ್ನೂ ಬಲ್ಲ. ಆ ತಿಳಿವಳಿಕೆ ಅವನ ಬೆವರನ್ನು ಒರೆಸುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಸಾಬೀರಾ ರೇಡಿಯೊ ಹಚ್ಚಿದರೆ ಅವನು ತಟ್ಟೆ ಬಿಟ್ಟು ಏಳುವಷ್ಟು ಅದು ಬೆಳೆದಿತ್ತು.

ಅದಕ್ಕೆ ಕಾರಣರಾದವರು ಮಧುಗಿರಿಯ ಸರ್ವೆಯರ್ ಚನ್ನಮಲ್ಲಯ್ಯ.

ಅವರು ಆ ದಸರೆಗೆ ಎರಡು ವರ್ಷ ಮುಂಚೆ, ಒಂದು ಭಾನುವಾರ, ಬಡವನಹಳ್ಳಿ ಮೇಲಿನ ಬಸ್ಸಿನಲ್ಲಿ ಉದ್ದನೆಯ ಬಟ್ಟೆಗಂಟೊಂದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಗಂಟಿನಲ್ಲಿದ್ದುದು ಹವಾಯಿಯನ್ ಗಿಟಾರು. ತೊಡೆಯ ಮೇಲೆ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ಕಡ್ಡಿಯೊಂದನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುವ ಬಗೆಯದು. ವಯಸ್ಸಿನಲ್ಲಿ ತುಮಕೂರಿನ ಆರ್ಕೆಸ್ಟ್ರಾ ಒಂದರಲ್ಲಿ ನುಡಿಸುತ್ತಿದ್ದವರು, ಈಗ ಮನೆಯಲ್ಲಿ ತಮಗಾಗಿ ಮತ್ತು ಹೆಂಡತಿಗಾಗಿ ಮಾತ್ರ ನುಡಿಸುತ್ತಿದ್ದರು.

“ಸಣ್ಣದೊಂದು ಆಂಪ್ಲಿಫೈಯರ್ ಬೇಕು ಸಾಬ್ರೆ. ನಮ್ದು ವಠಾರದ ಮನೆ. ಗೋಡೆ ಆಚೆ ಪಕ್ಕದ್ಮನೆಯೋರು ಊಟಕ್ಕೆ ಕೂತಿದ್ರೆ ಅವರ ತಟ್ಟೆ ಅಲ್ಲಾಡಬಾರ್ದು.”

“ಅಂಗಾದ್ರೆ ಮದುವೆಮನೆ ಮೈಕ್‌ಸೆಟ್ಟು ಬ್ಯಾಡ ಅನ್ನಿ, ಅಯ್ನೋರೆ.”

“ಅದು ಕಿರುಚಿದ್ರೇನೇ ಚೆಂದ. ಮೆಲ್ಲಗೆ ಇಟ್ರೆ ನೆಗಡಿ ಬಂದಂಗೆ ಇರ್ತದೆ.”

ಟ್ರಾನ್ಸಿಸ್ಟರಿನದೂ ಅವರಿಗೆ ಒಗ್ಗಲಿಲ್ಲ. ಸ್ವರ ಸ್ವಚ್ಛವಾಗಿತ್ತು, ಆದರೆ ಮೈಯಿರಲಿಲ್ಲ. ಉಳಿದದ್ದು ವಾಲ್ವು. ಗಾಜಿನ ಆ ಬುರುಡೆಗಳ ಗುಣವೇ ಬೇರೆ. ಹೊರೆ ಹೆಚ್ಚಾದಾಗ ದನಿ ಒಡೆಯುವುದಿಲ್ಲ, ಹಾಲು ಕಾದಂತೆ ಮೆಲ್ಲಗೆ ದಪ್ಪವಾಗುತ್ತದೆ. ಯಂತ್ರ ಸಣ್ಣದಿದ್ದಷ್ಟೂ ಆ ಸೊಗಸು ಸಣ್ಣ ಸದ್ದಿನಲ್ಲೇ ಕೈಗೆ ಸಿಗುತ್ತದೆ. ಆಂಪ್ಲಿಫೈಯರಾಗಿ ಮಾರ್ಪಡಿಸಲೆಂದು ಅಟ್ಟದ ಮೇಲಿದ್ದ ಎರಡು ಹಳೆಯ ವಾಲ್ವ್ ರೇಡಿಯೊಗಳನ್ನು ಕುತುಬುದ್ದೀನ್ ಕೆಳಗಿಳಿಸಿದ. ಒಂದಕ್ಕೆ ಟ್ರಾನ್ಸ್‌ಫಾರ್ಮರ್ ಇತ್ತು; ಭಾರ, ಮತ್ತು ಗಿಟಾರನ್ನು ಹತ್ತಿರ ತಂದರೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಇನ್ನೊಂದಕ್ಕೆ ಇರಲಿಲ್ಲ, ಹಗುರ, ದನಿ ಜೇನಿನಂತೆ. ಚನ್ನಮಲ್ಲಯ್ಯ ಎರಡನೆಯದರ ಮೇಲೆ ಕೈಯಿಟ್ಟರು.

ಕುತುಬುದ್ದೀನ್ ತಡೆಯಬೇಕಿತ್ತು. ಟ್ರಾನ್ಸ್‌ಫಾರ್ಮರ್ ಇಲ್ಲದ ರೇಡಿಯೊದಲ್ಲಿ, ಗೋಡೆಯಿಂದ ಬರುವ ಎರಡು ತಂತಿಗಳಲ್ಲಿ ಒಂದು ನೇರವಾಗಿ ಒಳಗಿನ ಲೋಹದ ತಟ್ಟೆಗೆ, ಅಂದರೆ ಚಾಸಿಗೆ, ಸೇರಿರುತ್ತದೆ. ಎರಡು ಕಡ್ಡಿಯ ಪ್ಲಗ್ಗನ್ನು ಒಂದು ಮಗ್ಗುಲಾಗಿ ಚುಚ್ಚಿದರೆ ಚಾಸಿ ಸಾಧು. ತಿರುಗಿಸಿ ಚುಚ್ಚಿದರೆ ಇನ್ನೂರ ಮೂವತ್ತು ವೋಲ್ಟಿನ ಸರ್ಪ. ಮರದ ಪೆಟ್ಟಿಗೆಯೊಳಗಿನ ಚಾಸಿಯನ್ನು ರೇಡಿಯೊ ಕೇಳುವವರು ಮುಟ್ಟುವುದಿಲ್ಲವಾದ್ದರಿಂದ ಅದು ನಡೆದುಹೋಗುತ್ತದೆ. ಗಿಟಾರಿನ ತಂತಿಗಳಾದರೋ ವಯರಿನ ಮೂಲಕ ಅದೇ ಚಾಸಿಗೆ ಸೇರುತ್ತವೆ. ಇದನ್ನೆಲ್ಲ ಅವನು ಚೆನ್ನಾಗಿ ಬಲ್ಲವನಾಗಿದ್ದ. ಆದ್ದರಿಂದಲೇ ನಡುವೆ ಒಂದು ಕಂಡೆನ್ಸರ್ ಕೂರಿಸಿದ. ಚಾಸಿಯಲ್ಲಿ ವಿದ್ಯುತ್ತಿದ್ದರೂ ಅದು ತಂತಿಗೆ ಚಿಟಿಕೆಯಷ್ಟನ್ನು ಮಾತ್ರ ಬಿಡುವಂಥದ್ದು. ಅದೂ ಸಾಲದೆಂದು ತಾನೇ ಮಧುಗಿರಿಗೆ ಹೋಗಿ, ಸಾಬೀರಾಳ ಉಗುರುಬಣ್ಣದಿಂದ ಪ್ಲಗ್ಗಿನ ಒಂದು ಮಗ್ಗುಲಿಗೆ ಕೆಂಪು ಚುಕ್ಕೆ, ಗೋಡೆಯ ಸಾಕೆಟ್ಟಿಗೆ ಇನ್ನೊಂದು ಚುಕ್ಕೆ ಇಟ್ಟು, “ಚುಕ್ಕೆಗೆ ಚುಕ್ಕೆ ಕೂಡಬೇಕು, ಅಯ್ನೋರೆ. ಇದೊಂದು ಮರೀಬ್ಯಾಡಿ,” ಎಂದಿದ್ದ.

ಮುಂದಿನ ಒಂದೂವರೆ ವರ್ಷ ಆ ಪೆಟ್ಟಿಗೆ ಮಧುಗಿರಿಗೂ ಶಿರಾಕ್ಕೂ ನಡುವೆ ಓಡಾಡಿತು. ಸ್ಪೀಕರ್ ಬದಲಾಯಿತು. ಕೀರಲು ಸ್ವರವನ್ನು ಕತ್ತರಿಸುತ್ತಿದ್ದ ಬಿಡಿಭಾಗ ಹೊರಬಿತ್ತು. ಪ್ರತಿ ಸಲವೂ ದನಿ ಒಂದು ಕೂದಲೆಳೆಯಷ್ಟು ಚೆಲುವಾಯಿತು. ಒಂದೇ ದೂರು ಉಳಿದಿತ್ತು.

“ನಿಮ್ ಪೆಟ್ಟಿಗೆ ಒಳಗೆ ಜೇನು ಕಟ್ಟೈತೆ ಸಾಬ್ರೆ. ನಾನು ನುಡಿಸೋದು ನಿಲ್ಲಿಸಿದ್ರೆ ಅದು ಶುರು ಹಚ್ಕೊಳ್ತದೆ.”

ಆ ಗುಂಯ್‌ ಎಲ್ಲಿಂದ ಬರುತ್ತದೆಂದು ಕುತುಬುದ್ದೀನನಿಗೆ ಗೊತ್ತಿತ್ತು: ಕಾವಲಿಗೆ ಕೂರಿಸಿದ ಅದೇ ಕಂಡೆನ್ಸರಿನಿಂದ. ೧೯೮೦ರ ಬೇಸಗೆಯ ಒಂದು ಮಧ್ಯಾಹ್ನ, ಎದುರಿಗೆ ಕುಳಿತ ಗೆಳೆಯನನ್ನು ಬೆರಗುಗೊಳಿಸುವ ಆಸೆಯಿಂದ, ಎರಡು ಅಂಗುಲದ ತಂತಿಯನ್ನು ಅದರ ಎರಡೂ ಕಾಲುಗಳಿಗೆ ಅಡ್ಡಲಾಗಿ ಬೆಸೆದ. ಸದ್ದು ಕತ್ತರಿಸಿದಂತೆ ನಿಂತಿತು. ಚನ್ನಮಲ್ಲಯ್ಯ ಕಣ್ಣು ಮುಚ್ಚಿ ಒಂದು ಸ್ವರ ಎಳೆದರು. ಅದು ಮುಗಿದ ಮೇಲಿನ ನಿಶ್ಶಬ್ದವನ್ನು ಇಬ್ಬರೂ ಬಹಳ ಹೊತ್ತು ಕೇಳಿದರು.

“ಚುಕ್ಕೆ ಇದೆಯಲ್ಲ,” ಎಂದು ಕುತುಬುದ್ದೀನ್ ತನಗೆ ತಾನೇ ಹೇಳಿಕೊಂಡ.

ವಿಜಯದಶಮಿಯ ಬೆಳಿಗ್ಗೆ ಚನ್ನಮಲ್ಲಯ್ಯ ತೀರಿಕೊಂಡರು. ತಲೆಗೆ ನೀರೆರೆದುಕೊಂಡು ಬಂದು, ಆಗಷ್ಟೇ ತೊಳೆದ ಕಡಪಾ ಕಲ್ಲಿನ ನೆಲದ ಮೇಲೆ ಒದ್ದೆಗಾಲೂರಿ ಕುರ್ಚಿಯಲ್ಲಿ ಕುಳಿತು ನುಡಿಸಲು ಹೊರಟವರು ಪಕ್ಕಕ್ಕೆ ವಾಲಿದ್ದರು. ಹೆಂಡತಿ ದಾಕ್ಷಾಯಣಮ್ಮ ಅಡುಗೆಮನೆಯಿಂದ ಬರುವ ಹೊತ್ತಿಗೆ ಊರಿಗೆ ಊರೇ ಕರೆಂಟು ಹೋಗಿತ್ತು. ಪೆಟ್ಟಿಗೆ ತಣ್ಣಗೆ ಕುಳಿತಿತ್ತು. ಡಾಕ್ಟರು ಹೃದಯ ನಿಂತಿದೆ ಎಂದರು. ಅದು ಸುಳ್ಳಾಗಿರಲಿಲ್ಲ, ಏಕೆ ನಿಂತಿತೆಂದು ಯಾರೂ ಕೇಳಲಿಲ್ಲ. ಸುದ್ದಿ ತಿಳಿದು ಓಡಿಬಂದ ಕುತುಬುದ್ದೀನ್ ಕಂಡದ್ದು, ಗೋಡೆಗೊರಗಿಸಿ ಕೂರಿಸಿದ, ವಿಭೂತಿ ಬಳಿದ ದೇಹವನ್ನು. ಉಕ್ಕಿನ ಕಡ್ಡಿ ಹಿಡಿಯುವ ಎಡಗೈ ಹೆಬ್ಬೆರಳಿನ ಮೇಲೆ, ವಿಭೂತಿಗಿಂತ ಬಿಳಿಯದಾದ, ಅಕ್ಕಿಕಾಳಿನಷ್ಟು ಚರ್ಮ ಸುಟ್ಟ ಗುರುತಿತ್ತು. ಮಲ್ಲಿಗೆ ಹಾರವೊಂದು ಬಂದು ಅದನ್ನು ಮುಚ್ಚಿತು. ಅವನು ಏನೂ ಹೇಳದೆ ಬಸ್ಸು ಹತ್ತಿದ.

ವರ್ಷ ತುಂಬುವ ಹೊತ್ತಿಗೆ ದಾಕ್ಷಾಯಣಮ್ಮನವರ ಕಾರ್ಡು ಬಂತು. ದುಂಡನೆಯ ಅಕ್ಷರದಲ್ಲಿ ಹೀಗಿತ್ತು: “ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಆ ಪೆಟ್ಟಿಗೆಯನ್ನೂ ಹಚ್ಚುತ್ತೇನೆ. ವಾಲ್ವುಗಳು ಕೆಂಪಗಾಗುವುದನ್ನು ನೋಡುತ್ತ ಕೂರುತ್ತೇನೆ. ಈ ವಿಜಯದಶಮಿಗೆ ಅವರ ಗಿಟಾರನ್ನು ನಾನೇ ತೊಡೆಯ ಮೇಲಿಟ್ಟುಕೊಂಡು, ಅವರು ಕಲಿಸಿದ ಒಂದು ಪದ ನುಡಿಸಬೇಕೆಂದಿದ್ದೇನೆ. ಅದಕ್ಕೆ ಮೊದಲು ತಾವು ಬಂದು ಪೆಟ್ಟಿಗೆಯನ್ನು ಒಮ್ಮೆ ನೋಡಬೇಕು.”

ಕುತುಬುದ್ದೀನ್ ಕಾರ್ಡನ್ನು ಕೆಳಗಿಟ್ಟ. ಒಂದು ವರ್ಷ, ದಿನವೂ ಸಂಜೆ. ಮರದ ಪೆಟ್ಟಿಗೆಯೂ ವಿದ್ಯುತ್ತು ಹಾಯದ ಬೇಕಲೈಟಿನ ಗುಂಡಿಯೂ ಅಲ್ಲಿಯವರೆಗೆ ಆಕೆಯನ್ನು ಕಾದಿದ್ದವು. ಗಿಟಾರಿನ ತಂತಿ ಕಾಯುವುದಿಲ್ಲ. ಎರಡು ದಿನ ಕೂತು ತನ್ನ ಕೈಯಾರೆ ಟ್ರಾನ್ಸ್‌ಫಾರ್ಮರೊಂದನ್ನು ಸುತ್ತಿದ. ಅದನ್ನು ಕೂರಿಸಿ, ಏನೂ ಹೇಳದೆ ಬಂದುಬಿಡಬಹುದಲ್ಲ ಎಂಬ ಯೋಚನೆಯೂ ಸುರುಳಿಯ ಜೊತೆಗೇ ಸುತ್ತಿಕೊಂಡಿತು. ಮೊದಲ ಬಸ್ಸಿಗೆ ಹೊರಟವನನ್ನು, ಅವನಿಂದ ಎಲ್ಲ ತಿಳಿದಿದ್ದ ಸಾಬೀರಾ ತಮ್ಮ ಮನೆಯ ಉರ್ದುವಿನಲ್ಲಿ ಒಂದೇ ಮಾತು ಕೇಳಿದಳು: ಹೇಳುವುದಕ್ಕೆ ಹೋಗುತ್ತಿದ್ದೀರೋ, ಬರೀ ರಿಪೇರಿಗೋ? ಅವನು ಚೀಲ ಹೆಗಲಿಗೇರಿಸಿ ಹೊರಬಿದ್ದ.

ಮಧುಗಿರಿಯಲ್ಲಿ ದಾಕ್ಷಾಯಣಮ್ಮ ಬಾಗಿಲಲ್ಲೇ ನಿಂತಿದ್ದರು.

“ಬಂದ್ರಾ ಸಾಬ್ರೆ? ವರ್ಷ ಆಯ್ತಲ್ಲ ಈ ಕಡೆ ತಲೆ ಹಾಕಿ. ಅಯ್ನೋರು ಹೋದ್ರೆ ಬೀದಿನೂ ಹೋಯ್ತಾ?”

“ತಪ್ಪಾಯ್ತು ಅಮ್ನೋರೆ.”

ಪೆಟ್ಟಿಗೆ ಅದೇ ಮೂಲೆಯಲ್ಲಿತ್ತು. ಅವನು ಹಿಂಬದಿಯ ಹಲಗೆ ಬಿಚ್ಚಿ, ಸ್ವಿಚ್ಚು ಹಾಕಿ, ಟೆಸ್ಟರಿನ ತುದಿಯನ್ನು ಚಾಸಿಗೆ ತಾಗಿಸಿದ. ಟೆಸ್ಟರಿನೊಳಗಿನ ಪುಟ್ಟ ದೀಪ ಕಿತ್ತಳೆ ಬಣ್ಣಕ್ಕೆ ಹೊತ್ತಿಕೊಂಡಿತು. ವರ್ಷವಿಡೀ ಸರ್ಪ ಹೆಡೆಯೆತ್ತಿಯೇ ಇತ್ತು. ಅವನು ಪ್ಲಗ್ಗನ್ನು ಕಿತ್ತು ಬೆಳಕಿಗೆ ಹಿಡಿದ. ಒಂದು ಮಗ್ಗುಲಲ್ಲಿ ಕೆಂಪು ಚುಕ್ಕೆ. ತಿರುಗಿಸಿದ. ಇನ್ನೊಂದು ಮಗ್ಗುಲಲ್ಲೂ ಕೆಂಪು ಚುಕ್ಕೆ. ಗೋಡೆಯ ಸಾಕೆಟ್ಟಿನ ಇಬ್ಬದಿಯಲ್ಲೂ ಹಾಗೆಯೇ. ಉಗುರಿನಿಂದ ಕೆರೆದರೆ ಒಂದು ಗಟ್ಟಿಯಾಗಿ ನಿಂತಿತು. ಇನ್ನೊಂದು ಪುಡಿಯಾಗಿ ಬೆರಳಿಗೆ ಬಂತು. ಕುಂಕುಮ. ಆಯುಧಪೂಜೆಗೆಂದು ಪ್ಲಗ್ಗು ಕಿತ್ತು ಪೆಟ್ಟಿಗೆಯನ್ನು ದೇವರ ಮುಂದಿಟ್ಟಾಗ, ಒಂದೇ ಕಡೆ ಬೊಟ್ಟಿದೆಯೆಂದು ಯಾರೋ ಭಕ್ತಿಯಿಂದ ಇನ್ನೊಂದು ಕಡೆಗೂ ಇಟ್ಟಿದ್ದರು. ಯಾರೆಂದು ಕೇಳಬೇಕಾಗಿರಲಿಲ್ಲ. ಹೆಬ್ಬೆರಳನ್ನು ಉಗುಳಿನಿಂದ ಒದ್ದೆ ಮಾಡಿ ಕುಂಕುಮದ ಬೊಟ್ಟನ್ನು ಅವನು ಒರೆಸಿಬಿಟ್ಟ.

ದಾಕ್ಷಾಯಣಮ್ಮ ಕಾಫಿ ಲೋಟ ತಂದು ಕೆಳಗಿಟ್ಟು, ಗೋಡೆಗೊರಗಿ ಕುಳಿತರು.

“ನನ್ನಿಂದಾಗಿದ್ದು ಸಾಬ್ರೆ. ಯಾರಿಗೂ ಹೇಳಿಲ್ಲ. ಆಯುಧಪೂಜೆಗೆ ಇಟ್ಟಿದ್ದನ್ನ ಮಾರನೇ ದಿನ ಮರುಪೂಜೆ ಮಾಡಿ ತೆಗೀಬೇಕು. ಅವತ್ತು ಇವರು ಅವಸರ ಮಾಡಿದ್ರು. ನಾನು ಮರುಪೂಜೆ ಮಾಡ್ದೆ ಎತ್ತಿ ಕೊಟ್ಬುಟ್ಟೆ. ದೇವಿ ಸುಮ್ಕಿರ್ತಾಳಾ?”

ಕುತುಬುದ್ದೀನನ ಕೈಯಲ್ಲಿ ಬೆಸುಗೆ ಕಡ್ಡಿ ತಣ್ಣಗಾಗುತ್ತಿತ್ತು. ಅವನ ಮೌನಕ್ಕೆ ಇಲ್ಲೊಂದು ಬೆಚ್ಚನೆಯ ಮನೆ ಸಿದ್ಧವಾಗಿತ್ತು. ದೇವಿಯ ಮೇಲೆ ಹೊರಿಸಿದ ಅಪರಾಧವನ್ನು ಯಾವ ಟೆಸ್ಟರೂ ತೋರಿಸಿಕೊಡುವುದಿಲ್ಲ. ಆದರೆ ದೆವ್ವವಿದೆಯೆಂದು ತಂದವರೆದುರು ಇಲಿ ಕಡಿದ ಕಾಗದವನ್ನು ಎತ್ತಿ ತೋರಿಸುತ್ತ ಬಂದ ಮನುಷ್ಯ ಅವನು.

“ದೇವಿಯಲ್ಲ ಅಮ್ನೋರೆ. ನಾನು,” ಎಂದ.

ಒಳಗಿನ ಎರಡು ಅಂಗುಲದ ತಂತಿಯನ್ನು ಇಕ್ಕಳದಿಂದ ಕತ್ತರಿಸಿ ತೆಗೆದು ಆಕೆಯ ಮುಂದೆ ನೆಲದ ಮೇಲಿಟ್ಟ. ಅದು ಯಾವ ಕಾವಲನ್ನು ಕೊಂದಿತು, ಯಾವ ಸದ್ದಿಗಾಗಿ, ಹೆಬ್ಬೆರಳಿನ ಮೇಲಿನ ಗುರುತು, ಬಸ್ಸು ಹತ್ತಿ ಓಡಿದ್ದು, ಎಲ್ಲವನ್ನೂ ಹೇಳಿದ. ದಾಕ್ಷಾಯಣಮ್ಮ ತಂತಿಯನ್ನು ಎತ್ತಿ ಅಂಗೈಯಲ್ಲಿಟ್ಟು ನೋಡಿದರು.

“ಇದು ಇದ್ರೂ ದಿನಾ ನುಡಿಸಿದ್ರಲ್ಲ. ನಾಲ್ಕೈದು ತಿಂಗಳೇ ಆಗಿತ್ತು. ಆಗೆಲ್ಲ ಯಾಕೆ ಏನೂ ಆಗ್ಲಿಲ್ಲ?”

ಅವನು ಪ್ಲಗ್ಗನ್ನು ಅಂಗೈಯಲ್ಲಿ ಮುಚ್ಚಿಕೊಂಡ.

“ಪ್ಲಗ್ಗಿಗೆ ನೀವು ಬೊಟ್ಟು ಇಟ್ಟಿದ್ರಿ. ಚುಕ್ಕೆಗೆ ಚುಕ್ಕೆ ಅಂತಿದ್ರಿ. ಕೊಡಿ ಇಲ್ಲಿ.” ಆಕೆ ಪ್ಲಗ್ಗನ್ನು ಕಸಿದುಕೊಂಡು ತಿರುಗಿಸಿದರು. ಒದ್ದೆ ಮಗ್ಗುಲು ಇನ್ನೂ ಆರಿರಲಿಲ್ಲ. “ಇಲ್ಲೊಂದಿತ್ತು. ನಾನೇ ಇಟ್ಟಿದ್ದು. ಯಾಕೆ ಒರೆಸಿದ್ರಿ?”

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

“ಒಂದು ಬೊಟ್ಟು ಹೆಚ್ಚಾದ್ರೆ ಜೀವ ಹೋಗೋ ಅಂಥ ಪೆಟ್ಟಿಗೆ ಮಾಡಿಕೊಟ್ಟೋನು ನಾನು, ಅಮ್ನೋರೆ. ಬೊಟ್ಟು ಇಟ್ಟೋರ್ದಲ್ಲ ತಪ್ಪು. ಕಾವಲು ತೆಗೆದು ಗುರುತು ನೆಚ್ಚಿಕೊಂಡೋನ್ದು.”

ದಾಕ್ಷಾಯಣಮ್ಮ ಪ್ಲಗ್ಗನ್ನು ಕೆಳಗಿಟ್ಟರು. ಅವನು ಕೆಲಸಕ್ಕೆ ಬಗ್ಗಿದ. ಟ್ರಾನ್ಸ್‌ಫಾರ್ಮರನ್ನು ಕೂರಿಸಿದ, ಅದರೊಳಗೆ ಎರಡು ಸುರುಳಿಗಳು ಒಂದನ್ನೊಂದು ಮುಟ್ಟದೆ ನಿಂತಿರುತ್ತವೆ, ಗೋಡೆಯ ವಿದ್ಯುತ್ತು ಒಂದರಲ್ಲೇ ಉಳಿಯುತ್ತದೆ, ಪ್ಲಗ್ಗನ್ನು ಹೇಗೆ ಚುಚ್ಚಿದರೂ ಚಾಸಿಗೆ ಬಾರದು. ಕಂಡೆನ್ಸರನ್ನೂ ಹೊಸದಾಗಿ ಹಾಕಿದ. ಹಲಗೆ ಮುಚ್ಚುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಪೆಟ್ಟಿಗೆ ಈಗ ಎರಡರಷ್ಟು ಭಾರ.

ಆಕೆ ಎದ್ದುಹೋಗಿ ತುಂಬಿದ ಚೊಂಬು ತಂದರು. ಕುರ್ಚಿಯ ಮುಂದಿನ ಕಡಪಾ ಕಲ್ಲಿನ ಮೇಲೆ ಅಷ್ಟನ್ನೂ ಸುರಿದರು.

“ಕೂತ್ಕೊಳ್ಳಿ,” ಎಂದರು. “ಮೊದಲು ನೀವು.”

ಕುತುಬುದ್ದೀನ್ ಬರಿಗಾಲನ್ನು ನೀರಿನಲ್ಲಿಟ್ಟು ಕುಳಿತ. ಗಿಟಾರು ತೊಡೆಗೆ ಬಂತು. ಉಕ್ಕಿನ ಕಡ್ಡಿ ಎಡಗೈಗೆ. ಬೆನ್ನ ಹಿಂದೆ ಪ್ಲಗ್ಗು ಗೋಡೆಗೆ ಹೋದ ಸದ್ದಾಯಿತು, ಯಾವ ಮಗ್ಗುಲಾಗಿ ಎಂದು ಅವನಿಗೆ ಕಾಣಲಿಲ್ಲ. ವಾಲ್ವುಗಳು ಕಾಯುವವರೆಗಿನ ಅರ್ಧ ನಿಮಿಷದಲ್ಲಿ ಅವನ ಕಣ್ಣು ತನ್ನ ಹೆಬ್ಬೆರಳನ್ನು ಬಿಟ್ಟು ಕದಲಲಿಲ್ಲ. ತಾನು ಸುತ್ತಿದ ಸುರುಳಿಯ ಮೇಲೆ ಅವನಿಗೆ ನಂಬಿಕೆಯಿತ್ತು; ಆದರೆ ಆ ಚುಕ್ಕೆಯ ಮೇಲೂ ಒಮ್ಮೆ ಇತ್ತಲ್ಲ. ಕಡ್ಡಿಯನ್ನು ತಂತಿಗಳ ಮೇಲಿಟ್ಟ. ನುಡಿಸಲು ಬಾರದವನ ಕೈಯಲ್ಲಿ ಒಂದು ಸ್ವರ ಹೊರಟು, ಅಂಕುಡೊಂಕಾಗಿ ಜಾರಿ ನಿಂತಿತು.

“ಅಂಗೇ ಇರಿ,” ಎಂದ ದಾಕ್ಷಾಯಣಮ್ಮ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ತಿರುಗಿಸಿ ಚುಚ್ಚಿ, ಮತ್ತೆ ಹಾಕಿದರು. “ಇನ್ನೊಂದ್ಸಲ.”

ಅವನು ಇನ್ನೊಮ್ಮೆ ಎಳೆದ. ಸ್ವರ ಮುಗಿಯಿತು. ಅದು ಮುಗಿದಲ್ಲಿ, ಬಹಳ ಸಣ್ಣಗೆ, ಗುಂಯ್‌ ಎಂಬ ಸದ್ದು ಉಳಿದಿತ್ತು. ವರ್ಷದಲ್ಲಿ ಮೊದಲ ಬಾರಿಗೆ ಅವನು ಅದನ್ನು ಕೇಳುತ್ತ ಕುಳಿತ. ಎದ್ದು ಹೋಗಲಿಲ್ಲ.

“ಜೇನು ವಾಪಸ್ ಬಂದೈತೆ,” ಎಂದರು ದಾಕ್ಷಾಯಣಮ್ಮ. ಅವರ ದನಿಯಲ್ಲಿ ಕ್ಷಮೆಯಿರಲಿಲ್ಲ.

“ತೆಗೆಯೋಕೆ ಬರ್ತದೆ ಅಮ್ನೋರೆ. ತೆಗೆಯಲ್ಲ.”

“ಬ್ಯಾಡ. ಇರ್ಲಿ.” ಆಕೆ ಒದ್ದೆ ಕಲ್ಲಿನ ಮೇಲೆ ಬಂದು ನಿಂತು ಎರಡೂ ಕೈ ಚಾಚಿದರು. “ಈಗ ಏಳಿ. ನಂಗೆ ಕೊಡಿ.”