ಕುಸುಬಿ ಎಣ್ಣೆ ಹಚ್ಚಿದ ರಿವಾಲ್ವರ್

ಇದನ್ನು ಬರೆಯಲು ಕೂತದ್ದು ಮೇ ನಾಲ್ಕು, ಬೆಳಗ್ಗೆ ಆರೂ ಇಪ್ಪತ್ತಕ್ಕೆ.

ಆ ಬೇಸಿಗೆಯಲ್ಲಿ ನನಗೆ ಹನ್ನೊಂದು ವರ್ಷ. ಬಸವಕಲ್ಯಾಣದ ನಮ್ಮ ಓಣಿಯ ಹುಡುಗಿಯರು ಬಿಸಿಲೇರುವ ಮೊದಲೇ ಕುಂಟಾಬಿಲ್ಲೆಗೆ ಇಳಿಯುತ್ತಿದ್ದರು. ಅಮಾಸೆಯ ದಿನ ಮಾತ್ರ ನಾನು ಹೋಗುತ್ತಿರಲಿಲ್ಲ. ಅಂದು ಮುತ್ಯಾನ ರಿವಾಲ್ವರ್ ಒರೆಸುವ ದಿನ.

ಮುತ್ಯಾ, ಅಂದರೆ ಅಪ್ಪನ ಅಪ್ಪ, ಹುಮನಾಬಾದಿನ ಗಂಜ್ ಮಾರುಕಟ್ಟೆಯಲ್ಲಿ ಕಾಳಿನ ಅಂಗಡಿ ಇಟ್ಟಿದ್ದಾಗ ರಿವಾಲ್ವರಿನ ಲೈಸೆನ್ಸ್ ಮಾಡಿಸಿದ್ದ. ಯಾರ ಮೇಲೂ ಹಾರಿಸಿದವನಲ್ಲ. ಅಂಗಡಿ ಮುಚ್ಚಿದ ಮೇಲೂ ಅಮಾಸೆ ತಪ್ಪಿಸಿರಲಿಲ್ಲ.

ಅಷ್ಟರಲ್ಲಿ ಸಕ್ಕರೆ ಕಾಯಿಲೆ ಅವನ ಕಣ್ಣು ತಿಂದಿತ್ತು. ಎಷ್ಟು ತಿಂದಿತ್ತೆಂದು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು. ಬಾಗಿಲು ಹಾಕಿಕೊಂಡು ಅವನು ಹೇಳುತ್ತಿದ್ದ, ನಾನು ಮಾಡುತ್ತಿದ್ದೆ.

“ಗುಂಡು ಎಷ್ಟ ತಗದಿ?”

“ಆರು, ಮುತ್ಯಾ.”

“ಮತ್ತೊಮ್ಮೆ ಎಣಸು. ಖಾಲಿ ಅದ ಅಂತ ನಂಬಿದಾಗೇ ಘಾತ ಆಗೂದು.”

ಎರಡನೇ ಸಲ ಎಣಿಸಿ, ಗುಂಡು ಕೂರುವ ಖಾಲಿ ಮನೆಗಳಲ್ಲಿ ಅವನೂ ಬೆರಳಾಡಿಸಿದ ಮೇಲೆ, ಸಲಾಕೆಗೆ ಚಿಂದಿ ಸುತ್ತಿ ನಳಿಗೆಯೊಳಗೆ ಆಡಿಸಬೇಕು. ಚಿಂದಿ ಬೆಳ್ಳಗೆ ಬರುವವರೆಗೂ ಬಿಡುವಂತಿಲ್ಲ. ಕೊನೆಗೆ ಸಣ್ಣ ಶೀಶೆಯಿಂದ ಮೂರು ಹನಿ ಎಣ್ಣೆ. ಎಲ್ಲವನ್ನೂ ನನ್ನ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ: ತಾರೀಖು, ಗುಂಡು, ಚಿಂದಿ, ಹನಿ.

ಚುನಾವಣೆ ಬಂತು. ಲೈಸೆನ್ಸ್ ಇದ್ದವರು ಅದು ಮುಗಿಯುವವರೆಗೆ, ಲೈಸೆನ್ಸ್ ಮಾಡಿಸಿದ ಊರಿನ ಠಾಣೆಗೆ ಆಯುಧ ಒಪ್ಪಿಸಬೇಕಿತ್ತು. ಒಪ್ಪಿಸುವ ಮುನ್ನಾದಿನ ನೋಡಿದರೆ ಶೀಶೆ ಖಾಲಿ. ಹೇಳಿದ್ದರೆ ಮುತ್ಯಾ ಬಿಸಿಲಲ್ಲಿ ತಡವರಿಸುತ್ತ ಹುಡುಕಿಕೊಂಡು ಹೊರಡುತ್ತಿದ್ದ. ಅಡುಗೆಮನೆಯಲ್ಲಿ ಗಾಣದಿಂದ ಬಂದ ಹೊಸ ಕುಸುಬಿ ಎಣ್ಣೆ ಘಮಘಮಿಸುತ್ತಿತ್ತು. ಬಾಗಿಲ ಕೀಲಿಗೂ ಅವ್ವ ಅದನ್ನೇ ಬಿಡುತ್ತಿದ್ದಳು. ನಾನೂ ಬಿಟ್ಟೆ. ಮೂರಲ್ಲ, ಒಂಬತ್ತು ಹನಿ.

ಎರಡು ತಿಂಗಳ ಮೇಲೆ ಬಿಡಿಸಿಕೊಳ್ಳಲು ಹುಮನಾಬಾದಿಗೆ ಬಸ್ಸಿನಲ್ಲಿ ಹೋದೆವು. ನೋಟ್‌ಬುಕ್ ನನ್ನ ಕಂಕುಳಲ್ಲಿತ್ತು. ಠಾಣೆಯ ಸಾಹೇಬರು ಗುಂಡು ಕೂರುವ ಚಕ್ರವನ್ನು ತಿರುಗಿಸಲು ನೋಡಿದರು. ಅಲುಗಲಿಲ್ಲ. ಎಣ್ಣೆ ಒಣಗಿ, ಅಂಟಾಗಿ, ಕಂದು ಪೊರೆ ಕಟ್ಟಿತ್ತು.

“ಏನ್ರಿ ಸಾವಕಾರ್ರ, ಇದಕ್ಕೇನು ಬೆಲ್ಲದ ಪಾಕ ಕುಡಿಸೀರೇನು? ಇಷ್ಟು ವರ್ಷದಾಗ ಒಮ್ಮೆನಾದ್ರೂ ಒರಸೀರಿಲ್ಲೋ?”

ಪಕ್ಕದ ಪೇದೆ ನಕ್ಕ. ಮುತ್ಯಾನ ಮುಖ ಕೆಂಪಾಯಿತು. ನನಗೆ ತಡೆಯಲಾಗಲಿಲ್ಲ.

“ಅಮಾಸಿಗೊಮ್ಮೆ ಒರಸೇವ್ರಿ! ನೋಡ್ರಿ, ಬರದಿಟ್ಟೀನಿ. ಹದಿನಾಕು ಅಮಾಸಿ.”

ಸಾಹೇಬರು ಹಾಳೆ ತಿರುವಿದರು. ನಗು ನಿಂತಿತು.

“ಒರಸಾಕಿ ಯಾರು, ಅವ್ವಿ?”

“ನಾನ್ರಿ.”

“ಮುತ್ಯಾ ಯಾಕ ಒರಸಂಗಿಲ್ಲ?”

“ಅವನಿಗೆ ಕಾಣಂಗಿಲ್ರಿ.”

ಏನು ಹೇಳಿಬಿಟ್ಟೆನೆಂದು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಸಾಹೇಬರು ದನಿ ತಗ್ಗಿಸಿ, “ಸಾವಕಾರ್ರ, ಇನ್ನ ನಾ ಇದನ್ನ ನಿಮ್ಮ ಕೈಯಾಗ ಹ್ಯಾಂಗ ಕೊಡ್ಲಿ?” ಎಂದರು.

“ಕೊಡಬ್ಯಾಡ್ರಿ,” ಎಂದ ಮುತ್ಯಾ. “ಖರೇ ಅದ. ಒಪ್ಪಿಸೂ ಕಾಗದ ಬರಸ್ರಿ.”

ಸಹಿ ಎಲ್ಲಿ ಎಂದು ಸಾಹೇಬರೇ ಅವನ ಬೆರಳು ಹಿಡಿದು ತೋರಿಸಿದರು.

ಬಸ್ಸಿನಲ್ಲಿ ನಾನು ಅಳುತ್ತಿದ್ದೆ. “ಲೆಕ್ಕ ಖರೇನ ಬರದಿ. ಅದಕ್ಯಾಕ ಅಳ್ತಿ, ಹುಚ್ಚಿ?” ಎಂದ. ಬಯ್ದಿದ್ದರೆ ಹಗುರಾಗುತ್ತಿತ್ತು.

ಮುಂದಿನ ಅಮಾಸೆ ಅವನು ನನ್ನನ್ನು ಕರೆಯಲಿಲ್ಲ. ಕುಂಟಾಬಿಲ್ಲೆಗೆ ಹೋಗು ಎಂದ. ಕಣ್ಣಿನ ಸುದ್ದಿ ಬಯಲಾದ ಮೇಲೆ ಅಪ್ಪ ಅವನನ್ನು ಒಬ್ಬನೇ ಹೊರಗೆ ಬಿಡಲಿಲ್ಲ. ಮೂವತ್ತೊಂದು ಅಮಾಸೆ ಕಳೆದ ಮೇಲೆ ತೀರಿಕೊಂಡ. ಆ ಮೂವತ್ತೊಂದೂ ಬೆಳಗು ನಾವಿಬ್ಬರೂ ಬಾಗಿಲು ಹಾಕಿಕೊಂಡು ಕೂರಬಹುದಿತ್ತು. ಇಂದಿಗೂ ನನ್ನ ಲೆಕ್ಕದಲ್ಲಿ ನಷ್ಟವೆಂದರೆ ಅವೇ.

ಹೀಗೆ ಒಪ್ಪಿಸಿದ ಆಯುಧಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ? ಮುರಿಯುತ್ತಾರೋ, ಯಾರಾದರೂ ಒರೆಸಿ ಇಡುತ್ತಾರೋ? ಇಂಥವನ್ನು ಇಡುವ ಠಾಣೆಯ ಮಾಲಖಾನೆಯಲ್ಲಿ ಕೆಲಸ ಮಾಡಿದವರು, ತಿಳಿದವರು ದಯವಿಟ್ಟು ಬರೆದು ತಿಳಿಸಿ. ಆ ರಿವಾಲ್ವರಿನ ನಂಬರು ನನ್ನ ಬಳಿ ಇದೆ.