ಈರಮ್ಮ ನೋಡಲು ಬಂದ ಹೆಬ್ಬೆಟ್ಟು

ಮೂರು ವರ್ಷದ ಹಿಂದೆ, ಹಿರಿಯರ ಅಮಾವಾಸ್ಯೆ ಹತ್ತಿರ ಬಂದಿದ್ದ ದಿನಗಳು. ಗಡಿಯಾಚೆಯ ಪತ್ತಿಕೊಂಡದ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ಹಳೆಯ ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಕ್ಲೌಡ್‌ಗೆ ಏರಿಸುವ ಕೆಲಸ ನಡೆದಿತ್ತು. ಹಾಗೆ ಏರಿಸಿದರೆ ಮುಂದೆ ಏನೇನು ಅಪಾಯ ಬರಬಹುದು, ಮೂಲ ಕಾಗದಗಳನ್ನು ನಾಶ ಮಾಡಬಹುದೇ ಎಂದು ವರದಿ ಬರೆದುಕೊಡುವುದು ನನ್ನ ಪಾಲಿನ ಕೆಲಸ. ನಾನು ಆದೋನಿಯವಳು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಪಾಯ ಹುಡುಕಲು ಬಂದವಳ ಹತ್ತಿರ ಯಾರು ತಾನೆ ಸುಳಿಯುತ್ತಾರೆ? ಸ್ಕ್ಯಾನ್ ಮಾಡುವವರು ನನ್ನನ್ನು ತಪ್ಪು ಹಿಡಿಯುವವಳು ಎಂದುಕೊಂಡರು, ಕಚೇರಿಯವರು ಹೊರಗಿನವಳು ಎಂದುಕೊಂಡರು. ರೆಕಾರ್ಡ್ ರೂಮಿನ ಮೂಲೆಯ ಮೇಜೇ ನನ್ನ ಲೋಕವಾಯಿತು. ಮಧ್ಯಾಹ್ನದ ಬುತ್ತಿಯನ್ನೂ ಅಲ್ಲೇ ಬಿಚ್ಚುತ್ತಿದ್ದೆ.

ಒಬ್ಬಳೇ ಉಣ್ಣುವುದು ನನಗೆ ಆ ಹೊತ್ತಿಗೆ ರೂಢಿಯಾಗಿತ್ತು. ನಮ್ಮ ಮನೆಯವರು ಆದೋನಿಯ ಒಂದು ಹತ್ತಿ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಊಟದ ಹೊತ್ತಿಗೆ ನನ್ನ ಫೋನಿಗೆ ಒಂದು ವಾಯ್ಸ್ ಮೆಸೇಜ್ ಬರುತ್ತಿತ್ತು: “ಏನ್ರೀ ಆಫೀಸರಮ್ಮಾ, ಊಟ ಆತೇನು?” ನಾನು ಯಾವ ಆಫೀಸರೂ ಅಲ್ಲ, ಅದು ಅವರ ಚೇಷ್ಟೆ. ಮಾತಿನ ಹಿಂದೆ ಮಿಲ್ಲಿನ ಯಂತ್ರದ ಸದ್ದು ಕೇಳುತ್ತಿತ್ತು. ಅವರು ಎದೆನೋವಿನಿಂದ ತೀರಿಕೊಂಡ ಮೇಲೆ ಆ ಮೆಸೇಜುಗಳನ್ನೇ ಹಚ್ಚಿಕೊಂಡು ಉಣ್ಣುತ್ತಿದ್ದೆ.

ಆಮೇಲೆ ಫೋನು ಕೆಟ್ಟಿತು. ಎಲ್ಲವೂ ಕ್ಲೌಡಿನಲ್ಲಿ ಭದ್ರವಾಗಿದೆ ಎಂದು ನನಗೆ ಧೈರ್ಯ. ಹೊಸ ಫೋನಿನಲ್ಲಿ ತೆರೆಯಲು ಹೋದರೆ ಒಟಿಪಿ ಅವರ ನಂಬರಿಗೆ ಹೋಯಿತು. ನನಗೆ ಆ ಖಾತೆ ಮಾಡಿಕೊಟ್ಟವರು ಅವರೇ ತಾನೆ! ರೀಚಾರ್ಜ್ ಇಲ್ಲದೆ ಅವರ ನಂಬರು ಎಂದೋ ಬೇರೆಯವರ ಪಾಲಾಗಿತ್ತು. ಕರೆ ಮಾಡಿದೆ. ಯಾರೋ ಗಂಡಸು “ಹಲೋ, ಎವರಂಡಿ?” ಎಂದು ಯಾರೆಂದು ಕೇಳಿದರು. ನನ್ನ ಗಂಡನ ಧ್ವನಿ ಬೇಕಾಗಿದೆ, ನಿಮಗೆ ಬಂದ ಒಟಿಪಿ ಹೇಳಿ ಎಂದು ತೆಲುಗಿನಲ್ಲಿ ಬೇಡಿಕೊಂಡೆ. ಮೋಸಗಾರ್ತಿ ಎಂದು ತಿಳಿದು ಅವರು ಫೋನಿಟ್ಟರು. ಮತ್ತೆ ಮಾಡಿದರೆ ಹೋಗಲಿಲ್ಲ, ನನ್ನನ್ನು ಬ್ಲಾಕ್ ಮಾಡಿದ್ದರು. ಅವರದೇನೂ ತಪ್ಪಿಲ್ಲ. ಒಟಿಪಿ ಯಾರಿಗೂ ಹೇಳಬೇಡಿ ಎಂದು ಕೆಲಸದ ಮೇಲೆ ಊರೂರಿಗೆ ಹೋಗಿ ಹೇಳಿದವರಲ್ಲಿ ನಾನೂ ಒಬ್ಬಳು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ.

ಇರಲಿ, ಆ ದಿನದ ಮಾತಿಗೆ ಬರುತ್ತೇನೆ. ಮಧ್ಯಾಹ್ನ ರೆಕಾರ್ಡ್ ರೂಮಿನ ಅಟೆಂಡರ್ ಖಾಸೀಂ ಸಾಬರು ಒಬ್ಬ ಮುದುಕಿಯನ್ನು ಕರೆದುಕೊಂಡು ಬಂದರು. ಮೊಣಕಾಲ ತನಕ ಕೆಂಪು ಧೂಳು, ಕಂಕುಳಲ್ಲಿ ಒಂದು ಬಟ್ಟೆಯ ಗಂಟು.

“ಮೇಡಮ್, ಈಕಿ ಈರಮ್ಮ ಅಂತ. ಹಿರೇರ ಅಮಾಸಿ ಮುಂದ ವರ್ಷಾ ಬರ್ತಾಳ್ರಿ. ಒಂದು ಹಾಳಿ ತೋರಿಸಿದ್ರ ನೋಡ್ಕೆಂಡು ಹೋಗ್ತಾಳ” ಎಂದರು.

ಯಾವ ಹಾಳೆ, ಯಾಕೆ ಎಂದು ಕೇಳಿದೆ. ಈರಮ್ಮನೇ ಹೇಳಿದಳು: “ನಮ್ಮಾತಂದು, ನನ್ನ ಗಂಡಂದು ಹೆಬ್ಬಟ್ಟು ಐತ್ರಿ ಮೇಡಮ್ಮಾ. ಸರ್ಕಾರದೋರು ಹೊಲದ ಪಟ್ಟಾ ಕೊಟ್ಟಾಗ ಇಲ್ಲೇ ಒತ್ತಿದ್ದ. ಅದೇ ವರ್ಷ ಕುರಿ ಮೇಸಾಕ ಹೋದಾಗ ಸಿಡ್ಲು ಬಡಿದು ಸತ್ತ. ಫೋಟೋ ಹಿಡಿಸಿದಾತ ಅಲ್ಲ. ಎಲ್ಲಾರೂ ಹಿರೇರ ಫೋಟೋ ಮುಂದ ಎಡಿ ಇಡ್ತಾರ. ನಾ ಯಾರ ಮುಂದ ಇಡ್ಲಿ? ಇಲ್ಲಿ ಬಂದು ಆತನ ಬೆರಳು ನೋಡ್ಕೆಂಡು ಹೋದ್ರ, ಎಡಿ ಇಡಾಕ ಮನಸ್ಸಾಗ್ತೈತಿ.”

ಆ ಹಾಳೆ ಇದ್ದ ಪಟ್ಟಾ ಪುಸ್ತಕದ ಸ್ಕ್ಯಾನ್ ಮುಗಿದಿತ್ತು. ಮೂಲ ಪುಸ್ತಕಗಳನ್ನು ಗೋಣಿಚೀಲದಲ್ಲಿ ತುಂಬಿ ಬಾಯಿ ಹೊಲಿದು ಗೋಡೆಗೆ ಒರಗಿಸಿದ್ದರು. ನನಗೆ ಒಳಗೊಳಗೇ ಖುಷಿಯಾಯಿತು, ನಮ್ಮ ಕೆಲಸ ಒಬ್ಬರಿಗಾದರೂ ಉಪಯೋಗವಾಯಿತಲ್ಲ ಎಂದು. ಊರಿನ ಹೆಸರು, ಆತನ ಹೆಸರು ಕೇಳಿ ಕಂಪ್ಯೂಟರಿನಲ್ಲಿ ಒತ್ತಿದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಾಳೆ ಬಂತು. “ನೋಡವ್ವಾ, ಎಷ್ಟು ಬೇಕೋ ಅಷ್ಟು ನೋಡು” ಎಂದು ಪರದೆಯನ್ನು ಆಕೆಯ ಕಡೆ ತಿರುಗಿಸಿದೆ.

ಈರಮ್ಮ ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯಾಡಿಸಿದಳು. “ಇದು ಆತಂದಲ್ಲ.”

“ಹೆಸರು ಅದೇ ಐತವ್ವಾ.”

“ಹೆಸರು ನನಗ ಓದಾಕ ಬರಂಗಿಲ್ಲ. ಇದು ಬರೇ ಮಸಿ. ಆತನ ಬೆರಳಾಗ ಅಡ್ಡ ಒಂದು ಗೆರಿ ಐತಿ. ಕುರಿ ಉಣ್ಣೆ ಕತ್ತರಿಸೋವಾಗ ಕತ್ತರಿ ತಾಗಿ ಕೊಯ್ದಿತ್ತು.”

ನಾನು ಚಿತ್ರ ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. ಅಲ್ಲಿದ್ದದ್ದು ನಿಜಕ್ಕೂ ಒಂದು ಕರಿ ಮುದ್ದೆ. ಫೈಲು ಹಗುರಾಗಲಿ, ಜಾಗ ಉಳಿಯಲಿ ಎಂದು ಎಲ್ಲವನ್ನೂ ಕಪ್ಪು ಬಿಳುಪಿನಲ್ಲೇ ಸ್ಕ್ಯಾನ್ ಮಾಡಿದ್ದರು. ಅಕ್ಷರ ಸ್ಪಷ್ಟವಾಗಿ ಬಂದಿತ್ತು, ಹೆಬ್ಬೆಟ್ಟುಗಳೆಲ್ಲ ಕಲೆಗಳಾಗಿದ್ದವು. ಸರ್ವರ್ ಕೆಟ್ಟರೆ, ಕಂಪನಿ ಮುಚ್ಚಿದರೆ, ಪಾಸ್‌ವರ್ಡ್ ಇದ್ದವರಿಗೆ ವರ್ಗವಾದರೆ ಎಂದು ಪುಟಗಟ್ಟಲೆ ಬರೆದಿದ್ದ ನನಗೆ ಇದು ಹೊಳೆದೇ ಇರಲಿಲ್ಲ.

ಈರಮ್ಮನ ಮುಖ ಕಪ್ಪಿಟ್ಟಿತು. “ಸಾಬರ, ಕಾಗದ ಸುಟ್ಟ್ರೇನು?” ಎಂದು ಖಾಸೀಂ ಸಾಬರ ಕೈ ಹಿಡಿದಳು.

“ಇಲ್ಲಮ್ಮಾ, ಚೀಲದಾಗ ಅದಾವ” ಎಂದರು ಅವರು. ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, “ಹೊಲಿದು ಸೀಲ್ ಹಾಕ್ಯಾರ ಮೇಡಮ್. ಬಿಚ್ಚಿದ್ರ ನಾಳಿ ಜವಾಬ್ದಾರಿ ಯಾರು?”

“ನಾನೇ. ಅಪಾಯ ಹುಡುಕಾಕ ಅಲ್ಲೇನ್ರಿ ನನಗ ಸಂಬಳ ಕೊಡೋದು? ಸಿಕ್ಕೈತಿ, ಬಿಚ್ಚ್ರಿ” ಎಂದೆ.

ಒಂದೊಂದೇ ಚೀಲದ ದಾರ ಬಿಚ್ಚಿದೆವು. ಧೂಳಿಗೆ ಮೂವರೂ ಸೀನಿದ್ದೇ ಸೀನಿದ್ದು. ಕೊನೆಗೆ ಪುಸ್ತಕ ಸಿಕ್ಕಿತು. ಹಾಳೆ ತಿರುವಿದಾಗ ಮಾಸಿದ ನೇರಳೆ ಬಣ್ಣದ ಹೆಬ್ಬೆಟ್ಟು ಕಂಡಿತು, ನಡುವೆ ಬೆಳ್ಳಗೆ ಒಂದು ಅಡ್ಡ ಗೆರೆ. ಈರಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ತನ್ನ ಹೆಬ್ಬೆರಳನ್ನು ಅದರ ಪಕ್ಕದಲ್ಲಿ ಮೆಲ್ಲಗೆ ಇಟ್ಟು, “ಬಂದೀನಿ ನೋಡು” ಎಂದಳು. ಅಷ್ಟೇ. ಅಳಲಿಲ್ಲ. 

ಖಾಸೀಂ ಸಾಬರು ಚಹಾ ತರಲು ಹೋದರು. ಈರಮ್ಮ ನನ್ನ ಬರಿ ಹಣೆ ನೋಡಿ, “ನಿನ್ನ ಮನಿಯಾತ?” ಎಂದಳು. ಹೇಳಿದೆ. ಯಾರಿಗೂ ಹೇಳದಿದ್ದ ಒಟಿಪಿಯ ಕಥೆಯನ್ನೂ ಹೇಳಿದೆ. ಆಕೆಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. “ಫೋಟೋ ಐತವ್ವಾ, ಮಾತು ಹೋತು” ಎಂದಾಗ ಮಾತ್ರ ಹೂಂ ಎಂದಳು.

“ಏನಂತಿದ್ದ? ಆತ ಅಂದಂಗ ಅನ್ನು.”

ನಾಚಿಕೆಯಾಯಿತು. ಆದರೂ ಹೇಳಿದೆ, ಅವರ ಹಾಗೆಯೇ ಕೊನೆಯಲ್ಲಿ ಎಳೆದು: “ಏನ್ರೀ ಆಫೀಸರಮ್ಮಾ, ಊಟ ಆತೇನು?” ಆ ಮಾತು ಕಿವಿಗೆ ಬೀಳದೆ ಎಷ್ಟು ಕಾಲವಾಗಿತ್ತೋ. ಈರಮ್ಮ ಅದನ್ನೇ ತಿರುಗಿ ಅಂದಳು. ಎಳೆತ ತಪ್ಪಿತ್ತು. “ಹಿಂಗೇನು?” ಎಂದು ಕೇಳಿ ಮತ್ತೆ ಅಂದಳು. ಸರಿಯಾಗಿ ಬರುವ ತನಕ ಬಿಡಲಿಲ್ಲ.

“ನಿನ್ನತ್ರ ಒಂದು ಇರ್ಲಿ, ನನ್ನತ್ರ ಒಂದು ಇರ್ಲಿ ಮಗಳ” ಎಂದಳು.

ಗಂಡ ಸತ್ತಾಗಿನಿಂದ ಬಂಧುಗಳೆಲ್ಲ ಧೈರ್ಯ ಹೇಳಿದ್ದರು, ಉಪದೇಶ ಹೇಳಿದ್ದರು. ನನ್ನ ದುಃಖದಲ್ಲಿ ಒಂದು ಪಾಲು ಇಸಿದುಕೊಂಡವಳು ಈಕೆ ಒಬ್ಬಳೇ. ಖಾಸೀಂ ಸಾಬರು ಚಹಾ ತರುವ ಹೊತ್ತಿಗೆ ನಾನು ಬಿಕ್ಕುತ್ತಿದ್ದೆ. ಪಾಪ, ಅವರು ಗ್ಲಾಸುಗಳನ್ನಿಟ್ಟು ಹೊರಗೆ ಹೋಗಿಬಿಟ್ಟರು.

ವರದಿಯಲ್ಲಿ ‘ದಾಖಲೆ ನಷ್ಟವಾದರೆ ಬಾಧಿತರಾಗುವವರು’ ಎಂಬ ಒಂದು ಕಾಲಂ ಇತ್ತು. ಅಲ್ಲಿಯ ತನಕ ಪ್ರತಿ ಪುಟದಲ್ಲೂ ‘ಸಾರ್ವಜನಿಕರು’ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಆ ಪುಸ್ತಕದ ಮುಂದೆ ‘ಹೆಬ್ಬೆಟ್ಟು ಒತ್ತಿದವರ ಮನೆಯವರು’ ಎಂದು ಬರೆದೆ. ಎಲ್ಲವನ್ನೂ ಬಣ್ಣದಲ್ಲಿ ಮತ್ತೆ ಸ್ಕ್ಯಾನ್ ಮಾಡಬೇಕು, ಮೂಲ ಪುಸ್ತಕಗಳನ್ನು ನಾಶ ಮಾಡಬಾರದು ಎಂದೂ ಬರೆದೆ. ಬಣ್ಣದ ಮಾತಿಗೆ ಒಪ್ಪಿಗೆ ಸಿಕ್ಕಿತು. ಕಾಗದಗಳು ನಾಶವಾಗಲಿಲ್ಲ, ಆದರೆ ದೂರದ ಯಾವುದೋ ಗೋದಾಮಿಗೆ ಹೋದವು.

ಮರುವರ್ಷ ಅಮಾವಾಸ್ಯೆಯ ಮುಂದೆ ರಜೆ ಹಾಕಿ ಅದೇ ಕಚೇರಿಗೆ ಹೋಗಿ ಕಾದೆ. ಈರಮ್ಮ ಬಂದಳು, ಸೊರಗಿದ್ದಳು. ಪರದೆಯ ಮೇಲೆ ನೇರಳೆ ಹೆಬ್ಬೆಟ್ಟು, ನಡುವೆ ಗೆರೆ. ಬೆರಳಿಟ್ಟು ನೋಡಿದಳು. “ಆತಂದೇ ಐತಿ” ಎಂದಳು. ಬೆರಳು ತೆಗೆದು, “ಗಾಜು ತಣ್ಣಗೈತಿ” ಎಂದಳು. 

ಹೊರಟವಳು ಬಾಗಿಲಲ್ಲಿ ನಿಂತು ತಿರುಗಿದಳು. “ಏನ್ರೀ ಆಫೀಸರಮ್ಮಾ, ಊಟ ಆತೇನು?” ಕೊನೆಯ ಎಳೆತ ಕೂಡ ಹಾಗೆಯೇ ಇತ್ತು. ಫೋನಿನ ಮೆಸೇಜಿಗೆ ನಾನು ಎಷ್ಟು ಉತ್ತರಿಸಿದರೂ ಕೇಳುವವರಿರಲಿಲ್ಲ. ಈಗ ಬಾಗಿಲಲ್ಲಿ ಒಬ್ಬರು ಕಾಯುತ್ತಿದ್ದರು. “ಇನ್ನೂ ಇಲ್ಲ” ಎಂದೆ.

“ಉಣ್ಣು ಮತ್ತ” ಎಂದು ಹೋದಳು.

ಈಗಲೂ ಒಬ್ಬಳೇ ಉಣ್ಣುತ್ತೇನೆ. ಬುತ್ತಿ ಬಿಚ್ಚುವ ಮುಂಚೆ ಒಮ್ಮೆ “ಇನ್ನೂ ಇಲ್ಲ” ಎಂದು ಮೆಲ್ಲಗೆ ಅಂದುಕೊಳ್ಳುತ್ತೇನೆ.